ಟ್ರಾನ್ಸ್‌ಫರ್ ಫೀ ಕೋಟಿ ಕೋಟಿ: ಕೆಜಿಎಫ್‌ನಂಥ ಊರಿಗೆ ಇದರಲ್ಲಿ ಏನಿದೆ?

ಟ್ರಾನ್ಸ್‌ಫರ್ ವಿಂಡೋ ತೆರೀತು ಅಂದ್ರೆ ನಮ್ಮ ಕ್ಲಾಸ್ ಗ್ರೂಪುಗಳಲ್ಲಿ ಇಂಟರ್ನಲ್ಸ್ ಟೈಮ್‌ಟೇಬಲ್‌ಗಿಂತ ಜೋರಾಗಿ ಓಡಾಡೋದು ಫುಟ್‌ಬಾಲ್ ಆಟಗಾರರ ರೇಟು. ಯಾರು ಎಲ್ಲಿಗೆ ಹೋದ, ಎಷ್ಟಕ್ಕೆ ಹೋದ, ಆ ದುಡ್ಡಲ್ಲಿ ಏನೇನು ಮಾಡಬಹುದಿತ್ತು ಅನ್ನೋ ಚರ್ಚೆ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಒಟ್ಟಿಗೆ ನಡೆಯುತ್ತೆ. (ಕೆಜಿಎಫ್‌ನಲ್ಲಿ ಬೇರೆ ಥರ ನಡೆಯೋಕೆ ಸಾಧ್ಯವೂ ಇಲ್ಲ ಬಿಡಿ.) ಈ ಚರ್ಚೆ ಸಾಮಾನ್ಯವಾಗಿ ಎರಡು ಮಾತಿಗೆ ಬಂದು ನಿಲ್ಲುತ್ತೆ. "ದುಡ್ಡಿರೋರದ್ದೇ ಆಟ ಗುರು" ಅನ್ನೋದು ಒಂದು. "ನಮ್ಗೇನು ಸಂಬಂಧ?" ಅನ್ನೋದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದನ್ನ ನಾವು ಒಪ್ಪೋದಿಲ್ಲ, ಯಾಕೆ ಅಂತ ಹೇಳೋಕೇ ಈ ಲೇಖನ.

ಮೊದಲು ಎಲ್ಲರ ಬಾಯಲ್ಲಿರೋ ಅಂಕಿ. 2017ರ ಆಗಸ್ಟ್‌ನಲ್ಲಿ ನೇಮಾರ್ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್‌ನ ಪಿಎಸ್‌ಜಿಗೆ ಹೋದಾಗ ಕೊಟ್ಟದ್ದು 22.2 ಕೋಟಿ ಯೂರೋ. ಆಗಿನ ಲೆಕ್ಕದಲ್ಲಿ 1,650 ಕೋಟಿ ರೂಪಾಯಿಗೂ ಹೆಚ್ಚು. ಅದಕ್ಕೂ ಹಿಂದಕ್ಕೆ ಹೋದ್ರೆ, 1905ರಲ್ಲಿ ಆಲ್ಫ್ ಕಾಮನ್ ಅನ್ನೋ ಆಟಗಾರ 1,000 ಪೌಂಡ್‌ಗೆ ಮಿಡಲ್ಸ್‌ಬರೋ ಸೇರಿದಾಗಲೇ ಇಂಗ್ಲೆಂಡಿನಲ್ಲಿ "ಇದು ಅತಿಯಾಯ್ತು" ಅಂತ ಗಲಾಟೆ ಆಗಿತ್ತು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್‌ಗೆ 10 ಲಕ್ಷ ಪೌಂಡ್ ಕೊಟ್ಟಾಗಲೂ ಅದೇ ಗಲಾಟೆ. ಗಲಾಟೆ ಹಳೇದೇ, ಸೊನ್ನೆಗಳು ಮಾತ್ರ ಜಾಸ್ತಿ ಆಗಿವೆ.

ಆದ್ರೆ ಈ ದುಡ್ಡು ಯಾವುದಕ್ಕೆ ಅನ್ನೋದರಲ್ಲೇ ಬಹಳ ಜನ ಎಡವುತ್ತಾರೆ. ಟ್ರಾನ್ಸ್‌ಫರ್ ಫೀ ಅಂದ್ರೆ ಆಟಗಾರನ ಬೆಲೆ ಅಲ್ಲ. ಅವನು ಹಳೇ ಕ್ಲಬ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಇನ್ನೂ ಉಳಿದಿರೋ ವರ್ಷಗಳನ್ನ ಬಿಡಿಸಿಕೊಳ್ಳೋ ಬೆಲೆ. ಇದಕ್ಕೆ ಎಂಬಾಪ್ಪೆಗಿಂತ ಒಳ್ಳೆ ಉದಾಹರಣೆ ಇಲ್ಲ. ಮೊನಾಕೊದಿಂದ ಅವನನ್ನ ತರೋಕೆ ಪಿಎಸ್‌ಜಿ ಒಪ್ಪಿಕೊಂಡ ಮೊತ್ತ 18 ಕೋಟಿ ಯೂರೋ. ಅದೇ ಎಂಬಾಪ್ಪೆ 2024ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದಾಗ ಪಿಎಸ್‌ಜಿಗೆ ಸಿಕ್ಕ ಟ್ರಾನ್ಸ್‌ಫರ್ ಫೀ ಸೊನ್ನೆ. ಕಾಲು ಅದೇ, ವೇಗ ಅದೇ. ಒಪ್ಪಂದ ಮಾತ್ರ ಮುಗಿದುಹೋಗಿತ್ತು.

ಈ ಸೊನ್ನೆಯ ಹಿಂದೆ ಒಬ್ಬ ಬೆಲ್ಜಿಯಂ ಆಟಗಾರ ಇದ್ದಾನೆ. ಜೀನ್ ಮಾರ್ಕ್ ಬೋಸ್ಮನ್. 1990ರಲ್ಲಿ ಲಿಯೇಜ್ ಕ್ಲಬ್ ಜೊತೆಗಿನ ಅವನ ಒಪ್ಪಂದ ಮುಗೀತು. ಅವನು ಫ್ರಾನ್ಸಿನ ಡಂಕರ್ಕ್ ಕ್ಲಬ್‌ಗೆ ಹೋಗಬೇಕು ಅಂದ. ಒಪ್ಪಂದ ಮುಗಿದ ಮೇಲೂ ಹಳೇ ಕ್ಲಬ್ ದುಡ್ಡು ಕೇಳಬಹುದು ಅನ್ನೋದು ಆಗಿನ ಪದ್ಧತಿ. ಕೇಸು ಐದು ವರ್ಷ ಎಳೀತು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಡ್ತು: ಒಪ್ಪಂದ ಮುಗಿದ್ರೆ ಆಟಗಾರ ಸ್ವತಂತ್ರ. ಅಲ್ಲಿಂದಾಚೆ ಕ್ಲಬ್‌ಗಳು ಒಳ್ಳೆ ಆಟಗಾರರಿಗೆ ಉದ್ದುದ್ದ ಒಪ್ಪಂದ ಬರೆಸೋಕೆ ಶುರು ಮಾಡಿದ್ವು. ಒಪ್ಪಂದ ಉದ್ದ ಆದಷ್ಟೂ ಅದನ್ನ ಬಿಡಿಸೋ ಬೆಲೆಯೂ ಏರ್ತು.

ಎರಡನೇ ಕಾರಣ ಟಿವಿ. ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾಯ್ತು. 2016ರಿಂದ 2019ರವರೆಗಿನ ಮೂರು ಸೀಸನ್‌ಗೆ ಬ್ರಿಟನ್ನಿನೊಳಗಿನ ಪ್ರಸಾರ ಹಕ್ಕೊಂದೇ 500 ಕೋಟಿ ಪೌಂಡ್ ದಾಟಿತ್ತು. 2016–17ರಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ಸಂಡರ್ಲೆಂಡ್‌ಗೂ ಲೀಗ್ ಕಡೆಯಿಂದ 9 ಕೋಟಿ ಪೌಂಡ್‌ಗಿಂತ ಹೆಚ್ಚು ಬಂತು. ಕೊಳ್ಳೋನ ಜೇಬಲ್ಲಿ ಎಷ್ಟಿದೆ ಅಂತ ಮಾರೋನಿಗೆ ಮೊದಲೇ ಗೊತ್ತಿದ್ರೆ ಚೌಕಾಸಿ ಹೇಗೆ ನಡೆಯುತ್ತೆ ಅಂತ ಎಂಜಿ ಮಾರ್ಕೆಟ್‌ನಲ್ಲಿ ಒಂದು ಸಲ ತರಕಾರಿ ಕೊಂಡವರಿಗೂ ಗೊತ್ತು.

ಮೂರನೇ ಕಾರಣ ಲೆಕ್ಕಪತ್ರದ್ದು. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಡಿಪ್ರಿಸಿಯೇಷನ್ ಓದಿದ್ದೀವಲ್ಲ, ಅದೇ. 8 ಕೋಟಿ ಕೊಟ್ಟು ಆಟಗಾರನನ್ನ ತಂದು ಎಂಟು ವರ್ಷದ ಒಪ್ಪಂದ ಬರೆಸಿದ್ರೆ, ಪುಸ್ತಕದಲ್ಲಿ ವರ್ಷಕ್ಕೆ ಖರ್ಚು 1 ಕೋಟಿ ಮಾತ್ರ. ಐದು ವರ್ಷಕ್ಕೆ ಬರೆಸಿದ್ರೆ 1.6 ಕೋಟಿ. ಚೆಲ್ಸಿ ಈ ಉಪಾಯವನ್ನ ಎಷ್ಟು ಹಿಂಡ್ತು ಅಂದ್ರೆ, 2023ರಲ್ಲಿ ಯುಇಎಫ್‌ಎ ತನ್ನ ಲೆಕ್ಕಾಚಾರದಲ್ಲಿ ಐದು ವರ್ಷಕ್ಕಿಂತ ಹೆಚ್ಚು ಹಂಚೋ ಹಾಗಿಲ್ಲ ಅಂತ ನಿಯಮ ತಂತು. ಇದರ ಇನ್ನೊಂದು ಮುಖ ಚಿಕ್ಕ ಕ್ಲಬ್‌ಗಳಿಗೆ ಮುಖ್ಯ. ನೀವೇ ಚಿಕ್ಕಂದಿನಿಂದ ಬೆಳೆಸಿದ ಹುಡುಗನಿಗೆ ನೀವು ಫೀ ಕೊಟ್ಟಿರೋದಿಲ್ಲ, ಹಾಗಾಗಿ ಪುಸ್ತಕದಲ್ಲಿ ಅವನ ಮೌಲ್ಯ ಸೊನ್ನೆ. ಅವನನ್ನ ಮಾರಿದ್ರೆ ಬರೋದೆಲ್ಲ ಲಾಭದ ಕಾಲಂಗೆ.

ಹಾಗಾದ್ರೆ ದುಡ್ಡಿಲ್ಲದೋರು ಏನು ಮಾಡ್ತಾರೆ? ನಮ್ಮೂರಿನ ಸೈನೈಡ್ ದಿಬ್ಬಗಳನ್ನೇ ನೆನಪಿಸಿಕೊಳ್ಳಿ. ಮಾರಿಕುಪ್ಪಂ ರೈಲಿನ ಕಿಟಕಿಯಲ್ಲಿ ದಿನಾ ಕಾಣೋ ಆ ಬೂದು ಗುಡ್ಡಗಳು ಚಿನ್ನ ತೆಗೆದುಕೊಂಡು ಬಿಸಾಕಿದ ಮಣ್ಣು. ಆದ್ರೆ ಅದರಲ್ಲಿ ಚಿನ್ನ ಪೂರ್ತಿ ಖಾಲಿ ಆಗಿಲ್ಲ. ಅಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯೋ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಹಳೇ ಗಣಿಗಾರರಿಗೆ ಲೆಕ್ಕಕ್ಕೇ ಬಾರದ ಚೂರು ಚಿನ್ನ, ಹೊಸ ವಿಧಾನ ಇದ್ದವರಿಗೆ ಬಂಡವಾಳ.

ಲಂಡನ್ನಿನ ಬ್ರೆಂಟ್‌ಫರ್ಡ್ ಮಾಡಿದ್ದು ಇದೇ ಕೆಲಸ. ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಬೆಟ್ಟಿಂಗ್ ಅಂಕಿಅಂಶದಲ್ಲಿ ದುಡ್ಡು ಮಾಡಿದವನು. ಗೋಲು ಎಷ್ಟು ಹೊಡೆದ ಅಂತ ನೋಡೋ ಬದಲು, ಗೋಲಾಗುವಂಥ ಅವಕಾಶ ಎಷ್ಟು ಹುಟ್ಟಿಸಿದ ಅಂತ ನೋಡೋದು ಅವರ ವಿಧಾನ. ಪ್ರತಿ ಶಾಟ್‌ಗೂ ದೂರ, ಕೋನ ಎಲ್ಲ ನೋಡಿ ಸೊನ್ನೆಯಿಂದ ಒಂದರೊಳಗೆ ಒಂದು ಸಂಭವನೀಯತೆ ಕೊಡ್ತಾರೆ. ಪೆನಾಲ್ಟಿಗೆ ಹೆಚ್ಚುಕಮ್ಮಿ 0.76, ದೂರದಿಂದ ಗುರಿಯಿಟ್ಟ ಶಾಟ್‌ಗೆ ಅದರ ಎಷ್ಟೋ ಪಾಲು ಕಡಿಮೆ. ನಮ್ಮ ಪ್ರಾಬಬಿಲಿಟಿ ಪೇಪರ್ ಪಾಸಾದ ಯಾರು ಬೇಕಾದ್ರೂ ಈ ಮಾಡೆಲ್ ಕಟ್ಟಬಹುದು; ಸ್ಟ್ಯಾಟ್ಸ್‌ಬಾಂಬ್ ಕಂಪನಿ ಒಂದಿಷ್ಟು ಪಂದ್ಯಗಳ ದತ್ತಾಂಶವನ್ನ ಪುಕ್ಕಟೆ ಇಟ್ಟಿದೆ, ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರು ನೋಡಿ. ಇದೇ ಮಾಲೀಕನ ಕೈಗೆ 2014ರಲ್ಲಿ ಬಂದ ಡೆನ್ಮಾರ್ಕಿನ ಮಿಡ್‌ಜೂಲನ್ ಕ್ಲಬ್ ಮರುವರ್ಷವೇ ಲೀಗ್ ಗೆಲ್ತು. ಅವರು ಕಾರ್ನರ್, ಫ್ರೀ ಕಿಕ್‌ಗಳನ್ನ ಕೂತು ಅಭ್ಯಾಸ ಮಾಡಿ ಗೋಲು ಮಾಡೋದರಲ್ಲಿ ಹೆಸರು ಮಾಡಿದವರು. ಕಾರ್ನರ್ ಅಭ್ಯಾಸಕ್ಕೆ ಟ್ರಾನ್ಸ್‌ಫರ್ ಫೀ ಬೇಕಾಗಿಲ್ಲ. ಬ್ರೆಂಟ್‌ಫರ್ಡ್ 2021ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿ, ಮೊದಲ ಪಂದ್ಯದಲ್ಲೇ ಆರ್ಸೆನಲ್‌ನ 2–0 ಸೋಲಿಸ್ತು.

ಬ್ರೆಂಟ್‌ಫರ್ಡ್ ಕಥೆ ಎಲ್ಲರಿಗೂ ಇಷ್ಟ. ನಮಗೆ ಅದಕ್ಕಿಂತ ಹತ್ತಿರ ಅನ್ನಿಸೋದು ಆ ಕಥೆಯ ಇನ್ನೊಂದು ತುದಿಯಲ್ಲಿರೋ ಎಕ್ಸಿಟರ್ ಸಿಟಿ. ದೊಡ್ಡ ಮಾಲೀಕ ಯಾರೂ ಇಲ್ಲ, ಅಭಿಮಾನಿಗಳ ಟ್ರಸ್ಟೇ ಕ್ಲಬ್ಬಿನ ಒಡೆಯ. ಅಲ್ಲೇ ಬೆಳೆದ ಹುಡುಗ ಆಲಿ ವಾಟ್ಕಿನ್ಸ್. 2017ರಲ್ಲಿ ಬ್ರೆಂಟ್‌ಫರ್ಡ್ ಅವನನ್ನ ಸುಮಾರು 18 ಲಕ್ಷ ಪೌಂಡ್‌ಗೆ ಕೊಂಡಾಗ ಎಕ್ಸಿಟರ್ ಒಂದು ಸಾಲು ಬರೆಸಿಕೊಳ್ತು: ಮುಂದೆ ಇವನನ್ನ ನೀವು ಮಾರಿದ್ರೆ ನಮಗೂ ಪಾಲು ಬೇಕು. ಪಾಲು 15% ಅಂತ ವರದಿಯಾಗಿತ್ತು. 2020ರಲ್ಲಿ ಆಸ್ಟನ್ ವಿಲ್ಲಾ 2.8 ಕೋಟಿ ಪೌಂಡ್ ಕೊಟ್ಟು ವಾಟ್ಕಿನ್ಸ್‌ನ ಕರೆದುಕೊಂಡು ಹೋಯ್ತು. ಆ ಒಂದು ಸಾಲಿನಿಂದ ಎಕ್ಸಿಟರ್‌ಗೆ ಬಂದದ್ದು, ಮೂರು ವರ್ಷದ ಹಿಂದೆ ಅವನನ್ನ ಮಾರಿದಾಗ ಬಂದದ್ದಕ್ಕಿಂತ ಜಾಸ್ತಿ.

ಎಕ್ವಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಯೆ ಇದನ್ನೇ ಒಂದು ಉದ್ಯಮವಾಗಿ ಮಾಡಿಕೊಂಡಿದೆ. ರಾಜಧಾನಿ ಕೀಟೊ ಪಕ್ಕದ ಸಾಂಗೊಲ್ಕಿ ಅನ್ನೋ ಊರಿನ ಕ್ಲಬ್ ಅದು. ಬೆಂಗಳೂರಿನ ಪಕ್ಕ ನಾವಿರೋ ಹಾಗೆ ಅಂದುಕೊಳ್ಳಿ. ಹದಿಹರೆಯದ ಹುಡುಗರನ್ನ ದೇಶದ ಮೂಲೆಮೂಲೆಯಿಂದ ತಂದು, ಆಟದ ಜೊತೆ ಓದನ್ನೂ ಕೊಟ್ಟು ಬೆಳೆಸ್ತಾರೆ. ಮೊಯ್ಸೆಸ್ ಕೈಸೆಡೊ, ಪಿಯೆರೊ ಇಂಕಾಪಿಯೆ, ವಿಲಿಯನ್ ಪಾಚೊ ಮೂವರೂ ಅಲ್ಲಿಂದ ಬಂದವರೇ. ಕೈಸೆಡೊನ ಬ್ರೈಟನ್ 2021ರಲ್ಲಿ ಸುಮಾರು 45 ಲಕ್ಷ ಪೌಂಡ್‌ಗೆ ಕೊಂಡು, 2023ರಲ್ಲಿ ಚೆಲ್ಸಿಗೆ 10 ಕೋಟಿ ಪೌಂಡ್‌ಗೆ ಮಾರ್ತು; ಷರತ್ತುಗಳು ಪೂರೈಸಿದ್ರೆ 11.5 ಕೋಟಿವರೆಗೆ. ಹುಡುಗರನ್ನ ಮಾರ್ತಾ ಮಾರ್ತಾನೇ ಆ ಕ್ಲಬ್ 2019 ಮತ್ತು 2022ರಲ್ಲಿ ಕೋಪಾ ಸುಡಮೆರಿಕಾನಾ ಗೆದ್ದಿದೆ. ಮಾರಿದ್ರೆ ತಂಡ ಸೋಲುತ್ತೆ ಅನ್ನೋ ಮಾತು ಯಾವಾಗಲೂ ನಿಜ ಅಲ್ಲ. ಹಿಂದೆ ಇನ್ನೊಬ್ಬ ತಯಾರಾಗಿದ್ರೆ.

ಈಗ ಮನೆ ಕಡೆ ಬರೋಣ. ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ? 54 ವರ್ಷ ಕಾಯಬೇಕಾಯ್ತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನ 3–2ರಿಂದ ಸೋಲಿಸಿದಾಗಲೇ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು.

ಹಳೇ ಕಾಲದಲ್ಲೂ ನಮ್ಮ ಆಟಗಾರರು ಹೋಗ್ತಿದ್ರು. ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ್ರು. ಅಲ್ಲಿನ ಮುಂಪಡೆಯ ಐವರನ್ನ ಜನ ಪಂಚಪಾಂಡವರು ಅಂತ ಕರೀತಿದ್ರು. ಆ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಬೆಂಗಳೂರಿನವರು. ಇವರನ್ನ ಬೆಳೆಸಿದ ಮೈದಾನಗಳಿಗೆ ವರ್ಷವರ್ಷದ ಲೆಕ್ಕ ಹಾಕಿ ಪಾಲು ಕಳಿಸೋ ಈಗಿನಂಥ ನಿಯಮ ಆಗ ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಬಂದ ಕಾಲದಲ್ಲಿ ಟ್ರಾನ್ಸ್‌ಫರ್ ಫೀ ಜಾಗದಲ್ಲಿದ್ದದ್ದು ಸರ್ಕಾರಿ ಕಾರ್ಖಾನೆಯ ನೌಕರಿ. ಎಚ್‌ಎಎಲ್, ಐಟಿಐನಂಥ ತಂಡಗಳು ಆಟಗಾರನಿಗೆ ಕೊಡ್ತಿದ್ದದ್ದು ಪರ್ಮನೆಂಟ್ ಕೆಲಸ, ಕ್ವಾರ್ಟರ್ಸ್, ಪಿಎಫ್. ಮನೆಯವರ ಪ್ರಕಾರ ಇದಕ್ಕಿಂತ ದೊಡ್ಡ ಫೀ ಯಾವುದೂ ಇರಲಿಲ್ಲ. ಎಚ್‌ಎಎಲ್ 2010ರಲ್ಲಿ ಐ-ಲೀಗ್‌ಗೂ ಏರಿ ಎರಡು ಸೀಸನ್ ಆಡ್ತು, 2012ರಲ್ಲಿ ಕೆಳಗಿಳೀತು. ಮರುವರ್ಷ ಜೆಎಸ್‌ಡಬ್ಲ್ಯು ಕಟ್ಟಿದ ಬೆಂಗಳೂರು ಎಫ್‌ಸಿ ಬಂತು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆಲ್ತು. ನೌಕರಿ ಕೊಡೋ ಕ್ಲಬ್‌ಗಳ ಕಾಲ ಮುಗಿದು, ಒಪ್ಪಂದ ಬರೆಯೋ ಕ್ಲಬ್‌ಗಳ ಕಾಲ ಬಂದದ್ದು ಹೆಚ್ಚುಕಮ್ಮಿ ಆ ಒಂದು ವರ್ಷದ ಅಂತರದಲ್ಲಿ.

ಭಾರತದ ಮೊತ್ತಗಳು ಯುರೋಪಿನ ಮುಂದೆ ಚಿಲ್ಲರೆ. 2024ರಲ್ಲಿ ಜೀಕ್ಸನ್ ಸಿಂಗ್ ಕೇರಳ ಬ್ಲಾಸ್ಟರ್ಸ್‌ನಿಂದ ಈಸ್ಟ್ ಬೆಂಗಾಲ್‌ಗೆ ಹೋದಾಗ ಪತ್ರಿಕೆಗಳಲ್ಲಿ ಬಂದ ಅಂಕಿ 3 ಕೋಟಿ ರೂಪಾಯಿ ದಾಟಿತ್ತು, ಅದೇ ದೊಡ್ಡ ಸುದ್ದಿ. ಆದ್ರೆ ಇಲ್ಲಿಯ ಕ್ಲಬ್‌ಗಳಿಗೆ ಸಂಡರ್ಲೆಂಡ್‌ಗೆ ಬಂದಂಥ ಟಿವಿ ದುಡ್ಡು ಇಲ್ಲ. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್‌ನ ಮುಂದಿನ ಸೀಸನ್ ಯಾವಾಗ ಅಂತಲೇ ಗೊತ್ತಿಲ್ಲದ ಸ್ಥಿತಿ ಬಂದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರೋದಾಗಿ ಪ್ರಕಟಿಸ್ತು. ರಾಜ್ಯದ ಅತಿ ದೊಡ್ಡ ಕ್ಲಬ್‌ನ ಸ್ಥಿತಿಯೇ ಹೀಗಾದ್ರೆ, ದುಡ್ಡು ಸುರಿದು ಆಟಗಾರರನ್ನ ತರೋ ದಾರಿ ಕೆಜಿಎಫ್‌ನಂಥ ಊರಿಗೆ ಇಲ್ಲವೇ ಇಲ್ಲ. ನಮಗಿರೋದು ಎಕ್ಸಿಟರ್ ದಾರಿ: ಬೆಳೆಸೋದು, ಮತ್ತು ಬೆಳೆಸಿದ್ದೀವಿ ಅನ್ನೋದಕ್ಕೆ ದಾಖಲೆ ಇಡೋದು.

ಈ ದಾಖಲೆ ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ, ಯಾಕಂದ್ರೆ ಇಡೀ ಲೇಖನದಲ್ಲಿ ನಮ್ಮೂರಿಗೆ ನೇರವಾಗಿ ಉಪಯೋಗಕ್ಕೆ ಬರೋದು ಇದೇ.

ಫಿಫಾ ನಿಯಮದಲ್ಲಿ ಸಾಲಿಡಾರಿಟಿ ಪಾಲು ಅಂತ ಒಂದಿದೆ. ಒಪ್ಪಂದ ಬಾಕಿ ಇರುವಾಗಲೇ ವೃತ್ತಿಪರ ಆಟಗಾರನೊಬ್ಬ ದೇಶದ ಗಡಿ ದಾಟಿ ಇನ್ನೊಂದು ಕ್ಲಬ್‌ಗೆ ಹೋದ್ರೆ, ಆ ಫೀನಲ್ಲಿ 5% ಮುರಿದು, ಅವನು 12ನೇ ವಯಸ್ಸಿನಿಂದ 23ರವರೆಗೆ ಯಾವ್ಯಾವ ಕ್ಲಬ್‌ನಲ್ಲಿ ನೋಂದಣಿ ಆಗಿದ್ನೋ ಅವುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ನಾಲ್ಕು ವರ್ಷಕ್ಕೆ ತಲಾ 0.25%, 16ರಿಂದ 23ರವರೆಗಿನ ಎಂಟು ವರ್ಷಕ್ಕೆ ತಲಾ 0.5%. ಕೂಡಿದ್ರೆ ಸರಿಯಾಗಿ 5. ನೇಮಾರ್ ಸ್ಯಾಂಟೋಸ್‌ನಲ್ಲಿ ಬೆಳೆದು 21ರ ವಯಸ್ಸಿನಲ್ಲಿ ಬಾರ್ಸಿಲೋನಾಗೆ ಹೋದವನು. ಹಾಗಾಗಿ ನಾಲ್ಕು ವರ್ಷಗಳ ಹಿಂದೆಯೇ ಬಿಟ್ಟುಹೋದ ಹುಡುಗನ 2017ರ ಟ್ರಾನ್ಸ್‌ಫರ್‌ನಲ್ಲೂ ಸ್ಯಾಂಟೋಸ್‌ನ ಪಾಲು ಸುಮಾರು 4%. ಅಂದ್ರೆ 88 ಲಕ್ಷ ಯೂರೋ ಆಸುಪಾಸು.

ಅದೇ ಲೆಕ್ಕವನ್ನ ಒಬ್ಬ ಕಾಲ್ಪನಿಕ ಹುಡುಗನಿಗೆ ಹಾಕಿ. ಚಾಂಪಿಯನ್ ರೀಫ್ಸ್ ಕಡೆಯ ಹುಡುಗ, 12ರಿಂದ 18ರವರೆಗೆ ಊರಿನ ಕ್ಲಬ್‌ನಲ್ಲೇ ನೋಂದಣಿ. ಮೊದಲ ನಾಲ್ಕು ವರ್ಷಕ್ಕೆ 1%, ಮುಂದಿನ ಮೂರು ವರ್ಷಕ್ಕೆ 1.5%, ಒಟ್ಟು 2.5%. ಮುಂದೆ ಎಂದೋ ಒಂದು ದಿನ ಭಾರತದ ಕ್ಲಬ್ಬೊಂದರಿಂದ ಅವನು ಹೊರದೇಶಕ್ಕೆ 4 ಕೋಟಿ ರೂಪಾಯಿಗೆ ಹೋದ್ರೆ ಊರಿನ ಕ್ಲಬ್‌ಗೆ 10 ಲಕ್ಷ. ಯುರೋಪಿನ ಕ್ಲಬ್‌ಗೆ ಇದು ಒಂದು ದಿನದ ಸಂಬಳ ಆಗಬಹುದು. ಇಲ್ಲಿ ಅಷ್ಟರಲ್ಲಿ ಒಬ್ಬ ಡಿ ಲೈಸೆನ್ಸ್ ಇರೋ ಕೋಚ್‌ಗೆ ಸಂಬಳ ಕೊಟ್ಟು, ಬಾಲು, ಬೂಟು, ಮೈದಾನದ ಬಾಡಿಗೆ ಎಲ್ಲ ನೋಡಿಕೊಂಡು ಒಂದೆರಡು ವರ್ಷ ತಂಡ ನಡೆಸಬಹುದು.

ಇದಲ್ಲದೆ ತರಬೇತಿ ಪರಿಹಾರ ಅಂತ ಬೇರೆಯೇ ಒಂದು ನಿಯಮ ಇದೆ. ಹುಡುಗ ಹೊರದೇಶದ ಕ್ಲಬ್‌ನಲ್ಲಿ ಮೊದಲ ಸಲ ವೃತ್ತಿಪರನಾಗಿ ಸಹಿ ಹಾಕಿದಾಗ ಅದು ಅನ್ವಯ ಆಗುತ್ತೆ, ಟ್ರಾನ್ಸ್‌ಫರ್ ಫೀ ಸೊನ್ನೆ ಇದ್ರೂ. ದೇಶದೊಳಗೇ ಕ್ಲಬ್ ಬದಲಾಯಿಸಿದ್ರೆ ಬೆಳೆಸಿದವರಿಗೆ ಏನು ಕೊಡಬೇಕು ಅನ್ನೋದು ಆಯಾ ದೇಶದ ಸಂಸ್ಥೆಗೆ ಬಿಟ್ಟದ್ದು, ಆದ್ರೆ ಏನಾದ್ರೂ ಒಂದು ವ್ಯವಸ್ಥೆ ಇರಲೇಬೇಕು ಅಂತ ಫಿಫಾ ಹೇಳುತ್ತೆ. ಮೊದಲೆಲ್ಲ ಈ ಪಾಲನ್ನ ಬೆಳೆಸಿದ ಕ್ಲಬ್ಬೇ ಪತ್ರ ಬರೆದು, ಜಗಳ ಆಡಿ ವಸೂಲಿ ಮಾಡಬೇಕಿತ್ತು. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿರೋ ಫಿಫಾ ಕ್ಲಿಯರಿಂಗ್ ಹೌಸ್, ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ನೋಡಿ ತಾನೇ ಲೆಕ್ಕ ಹಾಕುತ್ತೆ.

ಆ ಪಾಸ್‌ಪೋರ್ಟ್‌ನಲ್ಲಿ ಬರೋದು ನೋಂದಣಿ ಆದ ವರ್ಷಗಳು ಮಾತ್ರ. ಭಾರತದಲ್ಲಿ ಅಂದ್ರೆ ರಾಜ್ಯ ಸಂಸ್ಥೆಯ ಮೂಲಕ ಎಐಎಫ್‌ಎಫ್‌ನ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಇರಬೇಕು. ಹುಡುಗ ಆರು ವರ್ಷ ಬೆಳಗ್ಗೆ ಐದಕ್ಕೆ ಎದ್ದು ನಮ್ಮ ಮೈದಾನದಲ್ಲಿ ಓಡಿರಬಹುದು, ಅಣ್ಣಂದಿರು ಸ್ವಂತ ದುಡ್ಡಲ್ಲಿ ಅವನಿಗೆ ಬೂಟು ಕೊಡಿಸಿರಬಹುದು. ನೋಂದಣಿ ಇಲ್ಲದಿದ್ರೆ ಕಂಪ್ಯೂಟರ್ ದೃಷ್ಟಿಯಲ್ಲಿ ಆ ಆರು ವರ್ಷ ನಡೆದೇ ಇಲ್ಲ. ಅವನು 18ಕ್ಕೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕ್ಲಬ್ ಒಂದಕ್ಕೆ ಮೊದಲ ಸಲ ಸಹಿ ಹಾಕಿದ್ರೆ, ಅವನ ಫುಟ್‌ಬಾಲ್ ಜನ್ಮಸ್ಥಳ ಬೆಂಗಳೂರು ಆಗಿಬಿಡುತ್ತೆ. ಈ ಊರಿನಿಂದ 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ದಿಬ್ಬಗಳು. ಹುಡುಗರ ವಿಷಯದಲ್ಲೂ ಹಾಗೇ ಆಗೋದು ಬೇಡ ಅಂತ ನಮ್ಮ ಆಸೆ.

ಇದರಲ್ಲಿ ಒಂದು ಅಪಾಯ ಇದೆ, ಅದನ್ನ ಮುಚ್ಚಿಡೋಕೆ ಹೋಗಲ್ಲ. ನೋಂದಣಿ ಕ್ಲಬ್‌ನ ಕೈಗೆ ಅಧಿಕಾರವನ್ನೂ ಕೊಡುತ್ತೆ. ಎನ್‌ಒಸಿ ಕೊಡಲ್ಲ ಅಂತ ಹಠ ಹಿಡಿದು, ಮೇಲಕ್ಕೆ ಹೋಗಬೇಕಾದ ಹುಡುಗನನ್ನ ಕೆಳಗೇ ಕೂರಿಸೋಕೂ ಅದೇ ಕಾಗದ ಸಾಕು. ಬೋಸ್ಮನ್ ಐದು ವರ್ಷ ಹೋರಾಡಿದ್ದು ಇಂಥದ್ದರ ವಿರುದ್ಧವೇ. ಹುಡುಗ ಅದಿರಲ್ಲ, ಅವನ ಕಾಲು ಅವನದ್ದು. ಹಾಗಾಗಿ ಊರಿನ ಕ್ಲಬ್ ಕೇಳಬೇಕಾದ್ದು ತಡೆಯೋ ಹಕ್ಕನ್ನಲ್ಲ, ಮುಂದಿನ ಮಾರಾಟದ ಪಾಲನ್ನ. "ಹೋಗು ತಮ್ಮಾ, ಚೆನ್ನಾಗಿ ಆಡು, ಕರೆದುಕೊಂಡು ಹೋಗೋರು ಮಾತ್ರ ಈ ಸಾಲಿಗೆ ಸಹಿ ಹಾಕಲಿ" ಅನ್ನೋ ಥರ. ಮತ್ತೆ ಬಹುಪಾಲು ಹುಡುಗರು ಯಾವ ಕ್ಲಬ್‌ಗೂ ಹೋಗಲ್ಲ, ನಮ್ಮ ಥರ ಇಂಜಿನಿಯರಿಂಗ್‌ಗೋ ಐಟಿಐಗೋ ಸೇರ್ತಾರೆ. ಡೆಲ್ ವಾಯೆಯಲ್ಲಿ ಆಟದ ಜೊತೆ ಓದೂ ಇರೋದು ಅದಕ್ಕೇ ಮುಖ್ಯ. ನಮ್ಮಲ್ಲೂ ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಹತ್ತನೇ ಕ್ಲಾಸಿನ ಹುಡುಗರಿಗೆ ಅರ್ಧ ಗಂಟೆ ಲೆಕ್ಕ ಹೇಳಿಕೊಡೋಕೆ ಇಡೀ ಕಾಲೇಜಲ್ಲಿ ನಾಲ್ಕು ಜನ ಸಿಗಲ್ವಾ?

ನೋಂದಣಿ ಕೆಲಸಕ್ಕೆ ಬೇಕಾಗೋದು ಜನ್ಮ ದಾಖಲೆ, ಆಧಾರ್, ಫೋಟೋ, ತಂದೆ ತಾಯಿಯ ಒಪ್ಪಿಗೆ, ಜೊತೆಗೆ ಪೋರ್ಟಲ್ ಮುಂದೆ ತಾಳ್ಮೆಯಿಂದ ಕೂರೋ ಒಬ್ಬರು. ಕ್ಲಬ್ ನಡೆಸೋ ಅಣ್ಣಂದಿರಿಗೆ ಆಟ ಗೊತ್ತು, ಹುಡುಗರ ಮನೆ ಗೊತ್ತು. ಓಟಿಪಿ ಬರದೆ ನಿಂತುಹೋದ ಫಾರ್ಮ್ ಜೊತೆ ಗುದ್ದಾಡೋಕೆ ಪುರುಸೊತ್ತಿಲ್ಲ. ವಿಟಿಯು ಪೋರ್ಟಲ್‌ನಲ್ಲಿ ರಿಸಲ್ಟ್ ನೋಡಿ ಪಳಗಿದ ನಮಗೆ ಇದು ಕಷ್ಟದ ಕೆಲಸ ಅಲ್ಲ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಇರಲಿ: ಹೆಸರು, ಹುಟ್ಟಿದ ದಿನ, ನೋಂದಣಿ ಆದ ಸೀಸನ್, ಆಡಿದ ಪಂದ್ಯ, ಗೋಲು. ಭಾನುವಾರದ ಪಂದ್ಯವನ್ನ ಟ್ರೈಪಾಡ್ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿದ್ರೆ ಇನ್ನೂ ಒಳ್ಳೇದು. ಈ ವರ್ಷ 12 ತುಂಬೋ ಹುಡುಗನ ಮೊದಲ 0.25% ಈ ಸೀಸನ್ನಿಂದಲೇ ಶುರು ಆಗುತ್ತೆ. ಸೀಸನ್ ದಾಟಿದ್ರೆ ಆ ವರ್ಷವನ್ನ ಆಮೇಲೆ ತುಂಬಿಸೋಕೆ ಪೋರ್ಟಲ್‌ನಲ್ಲಿ ಜಾಗ ಇರಲ್ಲ.